ಮೇಲಿನ ಎಲ್ಲವೂ

ನೆಪೋಲಿಯನ್ ಮೇಲೆ ನನಗೆ ಹಳೆಯ ಹಗೆಯೇನೂ ಇಲ್ಲ. ಆದರೂ ವರ್ಷಕ್ಕೆ ಇಷ್ಟು ಸಲ ಅವನು ನಮ್ಮ ಶಾಲೆಗೆ ಬರುವುದು ನನಗೆ ಸರಿಬರುವುದಿಲ್ಲ. ಜೂನ್ 18ಕ್ಕೆ ವಾಟರ್‌ಲೂನಲ್ಲಿ ಸೋತು ಬರುತ್ತಾನೆ. ಶಾಲೆ ಶುರುವಾಗಿ ಆಗಿನ್ನೂ ಮೂರು ವಾರ, ಮಕ್ಕಳ ಸಮವಸ್ತ್ರದ ಗಂಜಿ ಕೂಡ ಹೋಗಿರುವುದಿಲ್ಲ. ಡಿಸೆಂಬರ್ 2ಕ್ಕೆ ತನ್ನ ಕಿರೀಟ ತಾನೇ ತಲೆಗಿಟ್ಟುಕೊಂಡು ಚಕ್ರವರ್ತಿಯಾಗಿ ಬರುತ್ತಾನೆ. ಸತ್ತದ್ದು ಮೇ 5, ಬೇಸಿಗೆ ರಜೆ, ನಮ್ಮ ಪುಣ್ಯ. ಹುಟ್ಟಿದ್ದೋ ಆಗಸ್ಟ್ 15! ಬಾವುಟ ಹಾರಿಸಿ ಲಾಡು ಹಂಚುವ ಆ ಬೆಳಗ್ಗೆಯೂ ನನ್ನ ಗೈಡಿನ ಪುಟದಲ್ಲಿ ಗಾಂಧಿ, ನೆಹರೂ ಪಕ್ಕದಲ್ಲಿ '1769: ನೆಪೋಲಿಯನ್ ಜನನ' ಎಂದು ನಿಂತಿರುತ್ತಾನೆ. ಆವತ್ತು ಮಾತ್ರ ನಾನು ಅವನನ್ನು ಗೇಟಿನಿಂದ ಒಳಗೆ ಬಿಟ್ಟುಕೊಂಡಿಲ್ಲ.

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಬಳಿ ಕೊಂಡ ಗೈಡು ಅದು. ರಟ್ಟು ಎಂದೋ ಕಿತ್ತು ಹೋಗಿ ಈಗ ಹಳೆಯ ಕ್ಯಾಲೆಂಡರಿನ ಹೊದಿಕೆಯಲ್ಲಿದೆ; ಅಂದರೆ ದಿನಗಳ ಪುಸ್ತಕಕ್ಕೆ ದಿನಗಳದೇ ಅಂಗಿ. 'ಇತಿಹಾಸದಲ್ಲಿ ಈ ದಿನ' ಎಂದು ವರ್ಷದ ಅಷ್ಟೂ ದಿನಗಳಿಗೆ ಪುಟ ಇದೆ, ಫೆಬ್ರವರಿ 29ಕ್ಕೂ ಇದೆ. ವರವು ಕಾವಲಿನ ಅಂಚಿಗಿರುವ ನಮ್ಮ ಸರ್ಕಾರಿ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಒಂದು ಕ್ರಮ ಉಂಟು. ನಾಡಗೀತೆ, ಸಂವಿಧಾನ ಪೀಠಿಕೆ, ಪೇಪರಿನ ನಾಲ್ಕು ಸುದ್ದಿ, ಒಂದು ನುಡಿಮುತ್ತು, ಆಮೇಲೆ ದಿನ ವಿಶೇಷ, ಕೊನೆಗೆ ಅದರ ಮೇಲೊಂದು ರಸಪ್ರಶ್ನೆ. ಪ್ರಶ್ನೆಯನ್ನು ಬೇವಿನ ಮರಕ್ಕೆ ಒರಗಿಸಿದ ಕರಿಹಲಗೆಯ ಮೇಲೆ ನಾನು ಬರೆದಿಡಬೇಕು. ಸಮಾಜ ವಿಜ್ಞಾನದ ಮೇಷ್ಟ್ರು ನಾನೇ ಆದ್ದರಿಂದ ಲೋಕದ ಹಳೆಯ ಲೆಕ್ಕಗಳೆಲ್ಲ ನನ್ನ ಖಾತೆಗೆ ಬಿದ್ದಿವೆ. ಗಣಿತದ ಮೇಡಂ ಹಾಜರಿ ಪುಸ್ತಕದ ಹಿಂದಿನಿಂದ 'ಇವತ್ತು ಯಾರು ಸತ್ರು ಸಾರ್?' ಎಂದು ವಿಚಾರಿಸುತ್ತಾರೆ. ಅವರ ಪ್ರಕಾರ ಇತಿಹಾಸವೆಂದರೆ ಹುಟ್ಟು, ಸಾವು, ಒಪ್ಪಂದ ಮೂರೇ.

ಗೆದ್ದವರಿಗೆ ಬಹುಮಾನ ಏನು ಕೊಡುವುದು ಎಂಬುದು ಮೊದಲಿಗೆ ದೊಡ್ಡ ಸಮಸ್ಯೆಯಾಗಿತ್ತು. ಚಂದನ ವಾಹಿನಿಯಲ್ಲಿ ಡಾಕ್ಟರ್ ನಾ. ಸೋಮೇಶ್ವರ ಅವರು 2002ರಿಂದ 'ಥಟ್ ಅಂತ ಹೇಳಿ' ನಡೆಸುತ್ತ ಸರಿಯುತ್ತರಕ್ಕೆ ಪುಸ್ತಕ ಕೊಡುವುದನ್ನು ನೋಡಿ ನನಗೂ ಆಸೆಯಾಗಿತ್ತು. ವೃತ್ತಿಯಲ್ಲಿ ವೈದ್ಯರಾದವರು ಕೋಟು ತೊಟ್ಟು, ಕಾಲು, ಅರೆ, ಮುಕ್ಕಾಲು ಗೊತ್ತಿರುವವರ ಬಾಯಿಂದಲೂ ಉತ್ತರ ಹೊರಡಿಸುವ ಆ ಸಮಾಧಾನ ನನಗೆ ಒಗ್ಗಲಿಲ್ಲ. ದಿನಕ್ಕೊಂದು ಪುಸ್ತಕ ಕೊಟ್ಟರೆ ನಮ್ಮ ಗ್ರಂಥಾಲಯದ ಬೀರು ಗಣೇಶನ ಹಬ್ಬದ ಹೊತ್ತಿಗೆ ಬರಿದಾಗುತ್ತಿತ್ತು ಬೇರೆ. ಕೊನೆಗೆ, ಗೆದ್ದವರು ಆ ದಿನ ಮಧ್ಯಾಹ್ನದ ಊಟದ ಗಂಟೆ ಹೊಡೆಯಬಹುದು ಎಂದೆ. ಊಟದ ಗಂಟೆಯ ಅಧಿಕಾರ ಸಿಗುವುದಾದರೆ ವಿಯೆನ್ನಾ ಒಪ್ಪಂದವನ್ನೂ ಕಲಿಯಲು ನಮ್ಮ ಹುಡುಗರು ತಯಾರು. ಆವತ್ತು ಗೆದ್ದವನು ಮೂರನೇ ಪಿರಿಯಡ್ಡಿನಿಂದಲೇ ಕಬ್ಬಿಣದ ಸರಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾನೆ.

ನಾಲ್ಕು ಆಯ್ಕೆ ಕೊಡುವುದು ಗೈಡಿನ ಪದ್ಧತಿ. ಅದರಲ್ಲಿ ನಾಲ್ಕನೆಯದಾಗಿ 'ಮೇಲಿನ ಎಲ್ಲವೂ' ಎಂದು ಇದ್ದುಬಿಟ್ಟರೆ ಮುಗಿಯಿತು, ಇಡೀ ಶಾಲೆ ಒಂದೇ ಕೊರಳಲ್ಲಿ ಅದನ್ನೇ ಕೂಗುತ್ತದೆ. ಯಾರನ್ನೂ ಬಿಡದೆ ಎಲ್ಲರನ್ನೂ ಒಳಗೊಳ್ಳುವ ಆ ಉತ್ತರದ ಉದಾರತೆ ಅವರಿಗೆ ಹಿಡಿಸಿರಬೇಕು. ಊಟಕ್ಕೆ ಕರೆದವನು ಪಂಕ್ತಿಯಲ್ಲಿ ಒಬ್ಬರನ್ನೇ ಎಬ್ಬಿಸಿ ಬಡಿಸಿದರೆ ಹೇಗಿರುತ್ತದೋ, ನಾಲ್ಕರಲ್ಲಿ ಒಂದನ್ನೇ ಆರಿಸುವುದು ಅವರಿಗೆ ಹಾಗೆ ಕಾಣುತ್ತದೆ. 'ಟೆಲಿಫೋನ್ ಕಂಡುಹಿಡಿದವರು ಯಾರು' ಎಂಬ ಪ್ರಶ್ನೆಗೂ 'ಮೇಲಿನ ಎಲ್ಲವೂ' ಎಂದವರಿದ್ದಾರೆ. ಬೆಲ್, ಎಡಿಸನ್, ಮಾರ್ಕೋನಿ ಮೂವರೂ ಸೇರಿ ಕಷ್ಟಪಟ್ಟಿರಲಿಕ್ಕೇ ಬೇಕು ಎಂಬುದು ಅವರ ವಾದ.

ತಾರೀಖಿನ ಬಗ್ಗೆ ನನಗೆ ಇರುವ ಗೌರವ ನಮ್ಮ ಕಡೆಯ ಜನಕ್ಕೆ ಇಲ್ಲ. ಇದ್ದರೆ ನಮ್ಮ ತಲೆಮಾರಿನವರೆಲ್ಲ ಜೂನ್ 1ರಂದೇ ಹುಟ್ಟುತ್ತಿರಲಿಲ್ಲ. ಒಂದನೇ ತರಗತಿಗೆ ಸೇರಿಸಲು ಬಂದ ಅಪ್ಪನನ್ನು ಆಗಿನ ಮೇಷ್ಟ್ರು 'ಹುಡುಗ ಯಾವಾಗ ಹುಟ್ಟಿದ್ದು?' ಎಂದು ಕೇಳಿದರೆ, 'ಹಟ್ಟಿ ತೇರಾಗಿ ಮೂರು ದಿನಕ್ಕೆ, ಶೇಂಗಾಕ್ಕೆ ಸುರುಳಿಪೂಚಿ ಬಿದ್ದಿತ್ತಲ್ಲ, ಆ ವರ್ಷ' ಎಂದು ಉತ್ತರ ಬರುತ್ತಿತ್ತು. ಉತ್ತರ ನಿಖರವಾಗಿಯೇ ಇದೆ. ಆದರೆ ರಿಜಿಸ್ಟರಿನ ಮನೆಯಲ್ಲಿ ತೇರಿಗೂ ಪೂಚಿಗೂ ಜಾಗವಿಲ್ಲ. ಮೇಷ್ಟ್ರು ಹುಡುಗನ ಎತ್ತರ ನೋಡಿ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ, ಜೂನ್ 1 ಎಂದು ಬರೆದು, ವರ್ಷವನ್ನು ಅಂದಾಜಿನಲ್ಲಿ ತುಂಬುತ್ತಿದ್ದರು. ನಾನು ಹಾಗೆ ಹುಟ್ಟಿದವನು. ನಮ್ಮ ಸ್ಟಾಫ್ ರೂಮಿನ ಗಂಡಸರಲ್ಲಿ ಅರ್ಧ ಮಂದಿ ಹಾಗೆ ಹುಟ್ಟಿದವರು. ಜೂನ್ 1ರಂದು ಗೈಡು ತೆಗೆದರೆ ನರ್ಗೀಸ್, ಮರ್ಲಿನ್ ಮನ್ರೋ ಇಬ್ಬರ ಜನ್ಮದಿನವೂ ಅದೇ. ಆ ಪುಟದಲ್ಲಿ ನಾವು ಮೂವರೂ ಒಟ್ಟಿಗಿದ್ದೇವೆಂದು ಯೋಚಿಸಿ ಒಂದು ಕ್ಷಣ ಮೀಸೆ ತಿರುವಿದ್ದುಂಟು. ತಿಂಗಳ ಒಂದನೇ ತಾರೀಖು ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಗೇ ನಿವೃತ್ತನಾಗಬೇಕು ಎಂಬುದು ಸರ್ಕಾರದ ನಿಯಮ. ಹಾಗಾಗಿ ಪ್ರತಿ ಮೇ 31ಕ್ಕೆ ರಾಜ್ಯದ ಕಚೇರಿ, ಶಾಲೆಗಳಲ್ಲಿ ಹಾರ, ಶಾಲು, ಫಲತಾಂಬೂಲಗಳ ಸುಗ್ಗಿ. ಯಾವುದೋ ಮೇಷ್ಟ್ರು ಅವಸರದಲ್ಲಿ ಬರೆದ ಒಂದು ಸಾಲಿಗೆ ನಾವೆಲ್ಲ ಸಾಲಾಗಿ ಮನೆಗೆ ಹೋಗುತ್ತೇವೆ. ನರ್ಗೀಸ್ ಜೊತೆಗಿನ ನಂಟಿಗೆ ಇಷ್ಟು ಬೆಲೆ ತೆರಬೇಕಾದೀತೆಂದು ಗೊತ್ತಿರಲಿಲ್ಲ.

ಹಟ್ಟಿ ತೇರು ಎಂದರೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು. ಫಾಲ್ಗುಣ ಬಹುಳ, ಚಿತ್ತಾ ನಕ್ಷತ್ರ. ಅದು ಮಾರ್ಚ್‌ನ ಯಾವ ತಾರೀಖಿಗೂ ಕಟ್ಟುಬಿದ್ದಿಲ್ಲ. ಬಿತ್ತನೆಯೂ ಹಾಗೇ. ರೋಹಿಣಿಗೆ ಹೊಲ ಹಸನು, ಮೃಗಶಿರೆಗೆ ಮುಗಿಲು ನೋಡುವುದು, ಆರಿದ್ರೆ ಹುಯ್ದರೆ ಶೇಂಗಾ ಬೀಜಕ್ಕೆ ಸಾಲ. ಇಡೀ ರಾಜ್ಯದಲ್ಲೇ ಮಳೆಗೆ ನಮ್ಮ ಮೇಲೆ ಅಷ್ಟಕ್ಕಷ್ಟೇ ಪ್ರೀತಿ. ಹಾಗಾಗಿ ಬಂದ ಮಳೆ ಚೆನ್ನಾಗಿ ನೆನಪಿರುತ್ತದೆ. ನಮ್ಮೂರಿನ ಅಜ್ಜಿಯರು ಮದುವೆ, ಸಾವು, ಜಗಳ, ಸಾಲ ಎಲ್ಲವನ್ನೂ ಮಳೆಯ ಹೆಸರಿಗೇ ಗಂಟು ಹಾಕಿಟ್ಟಿದ್ದಾರೆ. ಇಂಥವರ ಮೊಮ್ಮಕ್ಕಳ ಮುಂದೆ ನಾನು ದಿನಾ ಬೆಳಗ್ಗೆ ನಿಂತು, 'ಇದೇ ದಿನ, 1815ರಲ್ಲಿ' ಎಂದು ಶುರುಮಾಡುತ್ತೇನೆ. ಅವರು ಸೌಜನ್ಯದಿಂದ ಕೇಳಿಸಿಕೊಳ್ಳುತ್ತಾರೆ.

ಸರ್ಕಾರಕ್ಕೂ ಈ ದಿನಗಳ ಹುಚ್ಚು ಹತ್ತಿ ಬಹಳ ಕಾಲವಾಯಿತು. ಜಯಂತಿಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ನಮ್ಮಲ್ಲಿ ಗಾಜು ಹಾಕಿದ ಒಳ್ಳೆಯ ಚೌಕಟ್ಟು ಇರುವುದು ಒಂದೇ. ಯಾರ ಜಯಂತಿಯೋ ಅವರ ಪಟ ಮುಂದಕ್ಕೆ ಬರುತ್ತದೆ, ಉಳಿದವರು ಅವರ ಬೆನ್ನ ಹಿಂದೆ ನಿಲ್ಲುತ್ತಾರೆ. ವಾಲ್ಮೀಕಿಯ ಹಿಂದೆ ಕನಕದಾಸ, ಕನಕದಾಸರ ಹಿಂದೆ ಅಂಬೇಡ್ಕರ್, ಅವರ ಹಿಂದೆ ಬಸವಣ್ಣ. ಒಳಗೆ ದಪ್ಪ ಹೆಚ್ಚಾಗಿ ಹಿಂದಿನ ಮೊಳೆಗಳು ಈಗ ಹಿಡಿಯುತ್ತಿಲ್ಲ. ಅಡುಗೆಯವರ ಹತ್ತಿರ ದಾರ ಇಸಿದುಕೊಂಡು ಸುತ್ತಿದ್ದೇವೆ. ಇಷ್ಟು ಜನ ದೊಡ್ಡವರು ಇಷ್ಟು ಹತ್ತಿರ, ಜಗಳವಿಲ್ಲದೆ ಇರುವ ಜಾಗ ನಾಡಿನಲ್ಲಿ ಬೇರೆ ಇದ್ದಂತಿಲ್ಲ.

2021ರಿಂದ ಆ ಚೌಕಟ್ಟಿಗೆ ಒನಕೆ ಓಬವ್ವನೂ ಬಂದಳು. ನವೆಂಬರ್ 11 ಅವಳ ಜಯಂತಿ. ಕೋಟೆ ಕಾಯುವವನ ಹೆಂಡತಿ ಯಾವ ತಿಂಗಳು, ಯಾವ ತಾರೀಖು ಹುಟ್ಟಿದಳೆಂದು ದುರ್ಗದ ಯಾವ ಕಲ್ಲೂ ಹೇಳುವುದಿಲ್ಲ. ನನಗೆ ಜೂನ್ 1 ಕೊಟ್ಟ ಹಾಗೆ ಅವಳಿಗೂ ಒಂದು ದಿನ ಕೊಟ್ಟಿದ್ದಾರೆ, ಕೊಟ್ಟದ್ದು ಒಳ್ಳೆಯದೇ. ತೊಂದರೆಯಾದದ್ದು ನನ್ನ ಗೈಡಿನಿಂದ. ಅದೇ ದಿನ 1888ರಲ್ಲಿ ಮೌಲಾನಾ ಆಜಾದ್ ಜನನ, ಅದೇ ದಿನ 1918ರಲ್ಲಿ ಒಂದನೇ ಮಹಾಯುದ್ಧ ನಿಂತದ್ದು. ಮೂರನ್ನೂ ಒಂದೇ ಉಸಿರಿಗೆ ಓದಿ ಹೇಳಿದೆ. ಐದನೇ ತರಗತಿಯ ಹುಡುಗಿ ಕೈಯೆತ್ತಿ, 'ಮಹಾಯುದ್ಧ ನಿಲ್ಲಿಸಿದ್ದು ಓಬವ್ವನೇನ್ ಸಾ?' ಎಂದು ಕೇಳಿದಳು. ಅಲ್ಲ ಎಂದು ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ, ಕಂದಕದಾಚೆ ಸಾಲುಗಟ್ಟಿ ನಿಂತ ಆ ಯುರೋಪಿನ ದೊರೆಗಳ ಮುಂದೆ ಒಂದು ಒನಕೆ ಹಿಡಿದವಳು ನಾಲ್ಕು ವರ್ಷ ಮೊದಲೇ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ನನಗೂ ಅನ್ನಿಸಿತು. ಹಲಗೆಯ ಮೇಲೆ ಬರೆದಿದ್ದ ಉತ್ತರವನ್ನೇನೂ ಬದಲಿಸಲಿಲ್ಲ.

ಅಕ್ಟೋಬರ್ 1ರಂದು ಇನ್ನೊಂದು ಬಗೆಯ ಪೇಚು. 1953ರಲ್ಲಿ ಆ ದಿನ ಬಳ್ಳಾರಿ ಮೈಸೂರಿಗೆ ಸೇರಿತು. ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಪಾಠದಲ್ಲಿ ಇದನ್ನು ಹೇಳಿದರೆ ನಮ್ಮ ಹುಡುಗರಿಗೆ ರಾಜ್ಯ ಕಳೆದುಕೊಂಡ ದುಃಖವೇನೂ ಆಗುವುದಿಲ್ಲ. ಹಲವರ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಮೊಳಕಾಲ್ಮೂರು ದಾಟಿದರೆ ರಾಯದುರ್ಗ, ಅಲ್ಲಿ ಅತ್ತೆ ಮನೆ. 'ಯಾವಾಗ ಹೋಯ್ತು ಸಾ? ಮೊನ್ನೆ ಹಬ್ಬಕ್ಕೆ ಹೋದಾಗ ಅಲ್ಲೇ ಇತ್ತಲ್ಲ' ಎಂದನೊಬ್ಬ.

ಕಾವಲಿನ ಮಾತಿಗೆ ಬರುತ್ತೇನೆ. ನಮ್ಮ ಶಾಲೆಯ ಹಿಂಭಾಗದ ಕಿಟಕಿಯಿಂದ ನೋಡಿದರೆ ಮೊದಲು ಕಾಣುವುದು ಜಾಲಿ, ಆಮೇಲೆ ಒಣಹುಲ್ಲು, ಅದರಾಚೆ ಉದ್ದಕ್ಕೆ ಗೋಡೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಫಿರಂಗಿ ಎಳೆಯುವ ಆ ದನಗಳಿಗೆ ಹುಲ್ಲು ಬೇಕೆಂದು ಉಳಿಸಿದ ಬಯಲುಗಳೇ ಕಾವಲು. ಫಿರಂಗಿಗಳು ಹೋದವು, ದನಗಳು ಕಡಿಮೆಯಾದವು, ಬಯಲು ಉಳಿದಿತ್ತು. ದೇವರ ಎತ್ತುಗಳನ್ನು ಕಿಲಾರಿಗಳು ಅಲ್ಲಿ ಮೇಯಿಸುತ್ತಿದ್ದರು, ಕುರಿಗಳು ಮೇಯುತ್ತಿದ್ದವು, ಆ ಕುರಿಯ ಕರಿಯುಣ್ಣೆಯಿಂದ ಹಳ್ಳಿಗಳಲ್ಲಿ ಕಂಬಳಿಯ ಮಗ್ಗ ಆಡುತ್ತಿತ್ತು. ಆಮೇಲೆ ವಿಜ್ಞಾನ ಬಂತು. ವರವು ಕಾವಲಿನ ನಾಲ್ಕು ಸಾವಿರ ಎಕರೆಗೂ ಮೇಲ್ಪಟ್ಟ ನೆಲ ಡಿಆರ್‌ಡಿಓಗೆ, ಕುದಾಪುರದ್ದು ಭಾರತೀಯ ವಿಜ್ಞಾನ ಸಂಸ್ಥೆಗೆ, ಉಳ್ಳಾರ್ತಿ ಕಾವಲಿನದು ಇಸ್ರೋ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ. ಗೋಡೆ ಏಳುವಾಗ ಊರಿನವರು ಜಗಳವಾಡಿದರು, 2013ರಲ್ಲಿ ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿತು. ಗೋಡೆ ನಿಂತಿದೆ. ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ವಲಯವನ್ನು ಅರುಣ್ ಜೇಟ್ಲಿ ಉದ್ಘಾಟಿಸಿದ್ದು 2017ರ ಮೇ 28ರಂದು. ಇದು ಹೊಸ ಗೈಡುಗಳಲ್ಲಿ ಸಿಗುತ್ತದೆ. ಕುರಿಗಳು ಗೋಡೆಯ ಬುಡಕ್ಕೆ ಬಂದು ನಿಂತು ಹಿಂದಿರುಗಿದ ಮೊದಲ ದಿನ ಯಾವುದೆಂದು ಹಟ್ಟಿಯಲ್ಲಿ ಕೇಳಬೇಕು. ಅಲ್ಲೂ ತಾರೀಖು ಸಿಗುವುದಿಲ್ಲ, ಮಳೆಯ ಹೆಸರು ಸಿಗುತ್ತದೆ.

ಗೋಡೆಯೊಳಗಿನಿಂದ ಇತಿಹಾಸ ಹೊರಗೆ ಬಂದು ಬಿದ್ದದ್ದು ಒಂದು ಸೆಪ್ಟೆಂಬರ್‌ನಲ್ಲಿ. 2019ರ 17ನೇ ತಾರೀಖು ಬೆಳಗ್ಗೆ ಪರೀಕ್ಷೆಗೆಂದು ಹಾರಿದ್ದ ಡ್ರೋನೊಂದು ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಪೊಲೀಸರು ಬಂದು ಹಗ್ಗ ಕಟ್ಟುವ ಮೊದಲು ಜನ ಅದರ ಸುತ್ತ ನೆರೆದಿದ್ದರು. ಡ್ರೋನ್ ಎಂದರೆ ಮದುವೆ ಮನೆಯಲ್ಲಿ ಫೋಟೋ ತೆಗೆಯುವ ಜೇಡದಂಥದ್ದು ಎಂದು ತಿಳಿದಿದ್ದವರಿಗೆ ಲಾರಿಗಿಂತ ಅಗಲ ರೆಕ್ಕೆ ಚಾಚಿಕೊಂಡು ಮಣ್ಣಿಗೆ ಮೂತಿಯಿಟ್ಟ ಈ ಪ್ರಾಣಿ ಬೆರಗು ಹುಟ್ಟಿಸಿತು. ಮುಂದೊಂದು ವರ್ಷ ಅದೇ ತಾರೀಖು ಬಂದಾಗ ನಾನು ಗೈಡಿಗೆ ನಿಷ್ಠನಾಗಿ, '1948ರಲ್ಲಿ ಇದೇ ದಿನ ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಪಡೆದ ಪ್ರದೇಶ ಯಾವುದು?' ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗ, 'ಸಾ, ಇವತ್ತು ನಮ್ಮ ಮಾವನ ಹೊಲದ ಮಗ್ಗುಲಿಗೆ ಇಮಾನ ಬಿದ್ದಿತ್ತು' ಎಂದ. ಅದು ಪ್ರಶ್ನೆಗೆ ಉತ್ತರವಲ್ಲ ಎಂದೆ. 'ಉತ್ತರ ಅಲ್ಲ ಸಾ, ನಿಜ' ಎಂದು ಕೂತ.

ನನಗೆ ಆವತ್ತಿನಿಂದ ಗೈಡಿನ ಮೇಲಿನ ಭಕ್ತಿ ಸ್ವಲ್ಪ ಸಡಿಲಾಯಿತು. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ನಮ್ಮ ಸುತ್ತ ನಡೆದದ್ದನ್ನು ತಾರೀಖು ಸಮೇತ ಬರೆದುಕೊಳ್ಳಲು ಶುರುಮಾಡಿದೆ. ಅದರಲ್ಲಿ ಮೊದಲ ಗೌರವದ ಪುಟ 2023ರ ಏಪ್ರಿಲ್ 2ರದು. ಭಾನುವಾರ ಬೆಳಗ್ಗೆ ಏಳು ಹತ್ತಕ್ಕೆ ವಾಯುಸೇನೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ಪುಟ್ಟ ರೆಕ್ಕೆಯ ವಾಹನವನ್ನು ಹೊಟ್ಟೆಯ ಕೆಳಗೆ ತೂಗಿಕೊಂಡು ಮೇಲೇರಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದನ್ನು ಕೈಬಿಟ್ಟಿತು. ಚಾಲಕನಿಲ್ಲದ, ಎಂಜಿನ್ ಶಬ್ದವೂ ಇಲ್ಲದ ಆ ವಾಹನ ತಾನೇ ದಾರಿ ನೋಡಿಕೊಂಡು, ಗೋಡೆಯಾಚೆಯ ರನ್‌ವೇಯ ಮೇಲೆ ಇಳಿದು, ಪ್ಯಾರಾಚೂಟ್ ಬಿಚ್ಚಿ ನಿಂತಾಗ ಏಳು ನಲವತ್ತು. ರೆಕ್ಕೆಯಿರುವ ವಾಹನವೊಂದನ್ನು ಹೆಲಿಕಾಪ್ಟರಿನಲ್ಲಿ ಅಷ್ಟೆತ್ತರಕ್ಕೆ ಒಯ್ದು, ಬಿಟ್ಟು, ರನ್‌ವೇಗೆ ತಾನಾಗಿ ಇಳಿಸಿದ್ದು ಲೋಕದಲ್ಲೇ ಮೊದಲು ಎಂದು ಇಸ್ರೋ ಹೇಳಿತು. ವಾಟರ್‌ಲೂಗೆ ಬೆಲ್ಜಿಯಂವರೆಗೆ ಹೋಗುತ್ತಿದ್ದವನಿಗೆ ಲೋಕದ ಮೊದಲನೆಯದೊಂದು ಹಿತ್ತಲಲ್ಲೇ ಸಿಕ್ಕಿತ್ತು.

ಮರುವರ್ಷ ಏಪ್ರಿಲ್ 2 ಮಂಗಳವಾರ. ಮಕ್ಕಳ ಪರೀಕ್ಷೆ ಮುಗಿದು, ಪಾಠವೂ ಇಲ್ಲದೆ ರಜೆಯೂ ಇಲ್ಲದೆ ಎಲ್ಲರೂ ಆಕಳಿಸುತ್ತಿದ್ದ ದಿನಗಳು. ಎರಡು ಪ್ರಶ್ನೆ ಬರೆದೆ. ಒಂದು, 2011ರಲ್ಲಿ ಇದೇ ದಿನ ಮುಂಬೈಯಲ್ಲಿ ವಿಶ್ವಕಪ್ ಗೆಲ್ಲಿಸಿದ ಸಿಕ್ಸರ್ ಹೊಡೆದವರಾರು? ಅವರಲ್ಲಿ ಒಬ್ಬನೂ ಆಗ ಹುಟ್ಟಿರಲಿಲ್ಲವಾದರೂ ಮುಗಿಲು ಕಿತ್ತುಬೀಳುವಂತೆ ಧೋನಿ ಎಂದರು. ಇನ್ನೊಂದು, ಕಳೆದ ವರ್ಷ ಇದೇ ದಿನ ನಮ್ಮ ಕಾವಲಿನಲ್ಲಿ ವಾಹನ ಇಳಿಸಿದವರು ಯಾರು? ಇಸ್ರೋ, ಡಿಆರ್‌ಡಿಓ, ವಾಯುಸೇನೆ, ಮೇಲಿನ ಎಲ್ಲವೂ. ಅಭ್ಯಾಸಬಲದಿಂದ ಇಡೀ ಶಾಲೆ ನಾಲ್ಕನೆಯದನ್ನು ಕೂಗಿತು. ಈ ಸಲ ಅದೇ ಸರಿ! ಮೂವರೂ ಸೇರಿಯೇ ಮಾಡಿದ್ದು. ಸರಿ ಎಂದು ಹೇಳಿದಾಗ ಅವರ ಮುಖಗಳನ್ನು ನೋಡಬೇಕಿತ್ತು. ಇಷ್ಟು ಕಾಲ ನಂಬಿ ನಡೆದದ್ದಕ್ಕೆ ದೇವರು ಕಡೆಗೂ ಕಣ್ಣು ಬಿಟ್ಟಿದ್ದ. ಆದರೆ ಎಲ್ಲರೂ ಗೆದ್ದದ್ದರಿಂದ ಊಟದ ಗಂಟೆ ಯಾರು ಹೊಡೆಯಬೇಕೆಂಬ ವ್ಯಾಜ್ಯ ಹುಟ್ಟಿ, ಒಬ್ಬೊಬ್ಬರು ಒಂದೊಂದು ಏಟಿನಂತೆ ಹೊಡೆದು, ಊಟ ಆರಿತು.

ಅದಕ್ಕಿಂತ ಒಳ್ಳೆಯದು ಆಮೇಲೆ ಬಂತು. ಆ ದಿನದ ಬಗ್ಗೆ ಮಕ್ಕಳಿಗೆ ನನ್ನ ನೋಟ್‌ಬುಕ್ಕಿಗಿಂತ ಹೆಚ್ಚು ಗೊತ್ತಿತ್ತು. ಹೆಲಿಕಾಪ್ಟರಿಗೆ ಎರಡು ಫ್ಯಾನು. ಅದು ಬರುವ ಮೊದಲು ಶಬ್ದ ನೆಲದಲ್ಲಿ ಬರುತ್ತದೆ, ಆಮೇಲೆ ಕಿವಿಗೆ. ನಾಯಿಗಳು ಮೊದಲು ಬೊಗಳಿ ನಂತರ ಹಾಸಿಗೆಯ ಕೆಳಗೆ ನುಗ್ಗಿದವು. ಕುರಿಗಳು ಒಂದಕ್ಕೊಂದು ತಲೆ ತೂರಿಸಿ ಚಕ್ರದ ಹಾಗೆ ನಿಂತವು. ಒಬ್ಬಳ ಅಜ್ಜಿ, ಮೇಲಿಂದ ಏನೋ ಕಳಚಿ ಬಿದ್ದಿತೆಂದು ತಿಳಿದು, 'ಅಯ್ಯೋ ಯಾರ ಮನೆದೋ' ಎಂದು ಬಾಯಿ ಬಡಿದುಕೊಂಡಳಂತೆ. ಲಾಗಾಯ್ತಿನಿಂದ ನನ್ನ ಪ್ರಶ್ನೆಗಳಿಗೆ ಒಂದೊಂದೇ ಪದದ ಉತ್ತರ ಕೊಡುತ್ತಿದ್ದವರು ಆವತ್ತು ಸಾಲು ಬಿಟ್ಟು ಬಂದು ಸುತ್ತ ನಿಂತು ಮಾತಾಡಿದರು.

ಆ ವಾಹನಕ್ಕೆ ಆಮೇಲೆ ಪುಷ್ಪಕ ಎಂದು ಹೆಸರಿಟ್ಟರು. ಎರಡನೆಯ ಸಲ ಇಳಿದದ್ದು 2024ರ ಮಾರ್ಚ್ 22. ಹಟ್ಟಿ ತೇರಿಗೆ ಆಗ ಒಂದು ವಾರವೂ ಇರಲಿಲ್ಲ. ಮೂರನೆಯದು ಜೂನ್ 23, ಆರಿದ್ರಾ ಮಳೆ ಹುಟ್ಟಿದ ಹೊತ್ತು. ಎರಡೂ ಸಲ ಏಳು ಹತ್ತಕ್ಕೇ. ಎರಡನೆಯ ಸಲ ದಾರಿಯಿಂದ ನೂರೈವತ್ತು ಮೀಟರ್ ಪಕ್ಕಕ್ಕೆ, ಮೂರನೆಯ ಸಲ ಐನೂರು ಮೀಟರ್ ಪಕ್ಕಕ್ಕೆ ಬೇಕೆಂದೇ ಬಿಟ್ಟು, ತಾನಾಗಿ ರನ್‌ವೇಯ ನೇರಕ್ಕೆ ಬರುತ್ತದೋ ಇಲ್ಲವೋ ನೋಡಿದರು. ಬಂತು. ನಮ್ಮ ಹಟ್ಟಿಯಲ್ಲಿ ಈಗ ಇದೂ ಸೇರಿಕೊಂಡಿದೆ. 'ಮೂರನೇ ಪುಷ್ಪಕ ಇಳೀತಲ್ಲ, ಅದರ ಮಾರನೇ ವಾರ ಬಿತ್ತಿದ್ದು' ಎಂದು ಒಬ್ಬಾತ ಸೊಸೈಟಿಯಲ್ಲಿ ಹೇಳುವುದನ್ನು ಕಿವಿಯಾರೆ ಕೇಳಿದೆ. ತಾರೀಖು ನನ್ನ ಹತ್ತಿರ ಇದೆಯೆಂದು ಹೇಳಹೊರಟೆ. ಅವರಿಗೆ ಬೇಕಿರಲಿಲ್ಲ.

ನಮ್ಮ ಮಕ್ಕಳಿಗೆ ಹತ್ತಿರದ ಹಳೆಯ ಕಾಲವನ್ನೂ ತೋರಿಸೋಣವೆಂದು ಟೆಂಪೋ ಮಾಡಿಕೊಂಡು ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ತಳುಕು ಬಂತು. ಟೆಂಪೋ ಸದ್ದಿನ ಮೇಲೆ ಕೂಗಿ, ಕುವೆಂಪು 'ಶ್ರೀರಾಮಾಯಣ ದರ್ಶನಂ' ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯ ಈ ಊರಿನವರು, 'ದುರ್ಗಾಸ್ತಮಾನ' ಬರೆದ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರವೂ ಈ ಊರೇ ಎಂದು ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ತಳುಕು ಹಿಂದೆ ಹೋಗಿತ್ತು. ಹಿಂದಿನ ಸೀಟಿನಲ್ಲಿ ಮಂಡಕ್ಕಿ ಹಂಚುವ ಗಲಾಟೆ.

ಬ್ರಹ್ಮಗಿರಿಯ ಬುಡದಲ್ಲಿ ಅಶೋಕನ ಶಾಸನವಿರುವ ಬಂಡೆಗೆ ಸುತ್ತಿನ ಜನ ಅಕ್ಷರಗುಂಡು ಎನ್ನುತ್ತಿದ್ದರು. ಅಕ್ಷರವಿದೆ ಎಂದು ಗೊತ್ತಿತ್ತು, ಓದುವವರಿರಲಿಲ್ಲ. ಬೆಂಗಳೂರಲ್ಲೇ ಹುಟ್ಟಿದ ಬಿ.ಎಲ್. ರೈಸ್ 1892ರಲ್ಲಿ ಇದನ್ನೂ, ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದವನ್ನೂ ಲೋಕಕ್ಕೆ ತೋರಿಸಿದರು. 1947ರಲ್ಲಿ, ದೇಶ ಸ್ವತಂತ್ರವಾಗುವ ವರ್ಷ, ಮಾರ್ಟಿಮರ್ ವೀಲರ್ ಇಲ್ಲಿ ನೆಲ ಅಗೆಸುತ್ತಿದ್ದರು. ಶಾಸನದಲ್ಲಿ ಮೊದಲಿಗೆ ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳ ಆರೋಗ್ಯ ವಿಚಾರಿಸುತ್ತಾರೆ. ಎರಡು ಸಾವಿರ ವರ್ಷ ದಾಟಿದರೂ ಸರ್ಕಾರಿ ಪತ್ರದ ಧಾಟಿ ಬದಲಾಗಿಲ್ಲ. ತಂದೆ ತಾಯಿಯ ಮಾತು ಕೇಳಬೇಕು, ನಿಜ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂದೆಲ್ಲ ಮುಂದೆ ಬರುತ್ತದೆ. ಆ ಕೊನೆಯದನ್ನು ನಾನು ಎರಡೆರಡು ಸಲ ಬಿಡಿಸಿ ಹೇಳಿದೆ. ಸಾಕ್ಷಾತ್ ಚಕ್ರವರ್ತಿ ನನ್ನ ಪರ ನಿಂತಿರುವ ಸಂದರ್ಭ ದಿನಾ ಸಿಗುವುದಿಲ್ಲ.

ಕಡೆಯ ಸಾಲಿನಲ್ಲಿ ಬರೆದವನ ಹೆಸರಿದೆ, ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿ, ಎಡದಿಂದ ಬಲಕ್ಕೆ. ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಕಟ್ಟಕಡೆಯ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ ಬರಹ. ಅಷ್ಟು ದೂರದ ಅಕ್ಷರ ಬಲ್ಲವನೊಬ್ಬ ಈ ಬಿಸಿಲಲ್ಲಿ ಕೂತು, ಸಾಹೇಬರ ಕೆಲಸವನ್ನೆಲ್ಲ ಸಾಹೇಬರ ಲಿಪಿಯಲ್ಲಿ ಮುಗಿಸಿ, ತನ್ನ ಪಾಲಿಗೆ ಬಂದ ಒಂದು ಪದವನ್ನು ತನಗೆ ಬೇಕಾದ ಲಿಪಿಯಲ್ಲಿ ಕೆತ್ತಿದ್ದಾನೆ. ನನ್ನ ದೃಷ್ಟಿಯಲ್ಲಿ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಇದಕ್ಕಿಂತ ಸೊಗಸಾದದ್ದು ಅಲ್ಲಿಯ ರೇಷ್ಮೆ ಸೀರೆಯೂ ಅಲ್ಲ.

ಓಬವ್ವನ ಬಗ್ಗೆ ಕೇಳಿದ್ದ ಅದೇ ಹುಡುಗಿ ಬಂಡೆಯನ್ನು ಕಣ್ಣು ಕಿರಿದು ಮಾಡಿ ನೋಡಿ, 'ತಾರೀಖು ಎಲ್ಲೈತೆ ಸಾ?' ಎಂದಳು. ತಾರೀಖು ಇಲ್ಲ. 256 ಎಂದೊಂದು ಅಂಕಿ ಇದೆ. ಪ್ರಯಾಣದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎನ್ನುತ್ತಾರೆ. ದಿನ ಯಾವುದೆಂದು ಇಲ್ಲ. 'ನಾವು ರಜಾ ಚೀಟೀಲಿ ತಾರೀಖು ಹಾಕ್ದಿದ್ರೆ ವಾಪಸ್ ಕೊಡ್ತೀರಿ?' ಎಂದಳು. ಅಶೋಕನ ಪರವಾಗಿ ನಾನು ಏನೂ ಹೇಳದೆ ಎಲ್ಲರನ್ನೂ ಟೆಂಪೋ ಹತ್ತಿಸಿದೆ.

ಮರುದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಬೇವಿನ ಮರದ ಹಲಗೆಯ ಮೇಲೆ ಅವಳ ದುಂಡು ಅಕ್ಷರದ ಪ್ರಶ್ನೆ ಇತ್ತು. ಚಪಡ ಬಂಡೆ ಮೇಲೆ ಬರೆದ ವಾರ ಯಾವುದು? ಆಯ್ಕೆಗಳು ಏಳು, 'ಮೇಲಿನ ಎಲ್ಲವೂ' ಸೇರಿ ಎಂಟು. ಗೈಡು ಕಂಕುಳಲ್ಲೇ ಉಳಿಯಿತು. ಚರ್ಚೆ ಶುರುವಾಯಿತು. ಸರ್ಕಾರಿ ನೌಕರನಾದ್ದರಿಂದ ಭಾನುವಾರ ಬರೆದಿರಲಾರ. ಸೋಮವಾರ ಎತ್ತು ಹೂಡುವುದಿಲ್ಲ, ಉಳಿ ಹಿಡಿಯುತ್ತಾರೆಯೇ? ಮಂಗಳವಾರ ಮಾರಮ್ಮನ ವಾರ. ಬುಧವಾರ ಸಂತೆ ಎಂದ ಒಬ್ಬ; ಅಶೋಕನ ಕಾಲದಲ್ಲಿ ಸಂತೆ ಬುಧವಾರವೇ ಇತ್ತೆಂದು ಏನು ಗ್ಯಾರಂಟಿ ಎಂದು ಕೇಳಿದ್ದಕ್ಕೆ, ಸಂತೆ ಯಾವತ್ತೂ ಬುಧವಾರವೇ ಎಂದು ಖಡಾಖಂಡಿತವಾಗಿ ಹೇಳಿದ. ಶುಕ್ರವಾರ ದುಡ್ಡಿನ ಕೆಲಸ ಮಾಡಿಸುವುದಿಲ್ಲ. ಶನಿವಾರ ಅರ್ಧ ದಿನ, ಹದಿಮೂರು ಸಾಲು ಮುಗಿಯುವುದಿಲ್ಲ. 'ಮೇಲಿನ ಎಲ್ಲವೂ' ಪರವಾಗಿ ಒಂದು ಗುಂಪು ಗಟ್ಟಿಯಾಗಿ ನಿಂತಿತು. ಕಲ್ಲಿನ ಕೆಲಸ, ವಾರವಿಡೀ ಹಿಡಿದಿರುತ್ತದೆ ಎಂಬ ಅವರ ವಾದದಲ್ಲಿ ತಿರುಳಿತ್ತು. ಕೈ ಎತ್ತಿಸಿದೆವು. ಸ್ವಲ್ಪದರಲ್ಲಿ ಗುರುವಾರ ಗೆದ್ದಿತು. ಗಣಿತದ ಮೇಡಂ, ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲ ಬರುತ್ತದಲ್ಲ ಎಂದು ತಗಾದೆ ತೆಗೆದರು. ಅಷ್ಟು ಹೊತ್ತು ಚಪಡ ಊಟಕ್ಕೆ ಹೋಗಿದ್ದ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.